ಆಯ್ತು ಅನ್ನುವ ಮಾತು

ಎಣ್ಣೆ ಆರುತ್ತಿದೆ, ಇನ್ನೊಂದು ಹನಿ ಬೇಕು, ತಂಡದ ನಾಯಕನ ಎಡ ಮಂಡಿ ನನ್ನ ಅಂಗೈಯೊಳಗೆ ಬೆಚ್ಚಗಿದೆ, ಹೆಬ್ಬೆರಳು ಜಾರಿ ಜಾರಿ ಅದೇ ಕುಳಿಗೆ ಬೀಳುತ್ತದೆ — ಚಿಪ್ಪಿನ ಕೆಳಗೆ ಇರಬಾರದ ಕುಳಿ, ಹಿಂದೆ ಗಾಳಿಪಟ ಅಂತ ನಾವು ಕರೆಯುತ್ತಿದ್ದ ಆಟಗಾರನಿಗೂ ಇತ್ತು, ಅವನು ಈಗ ಗೇಟಿನಲ್ಲಿ ಟಿಕೆಟ್ ಹರಿಯುತ್ತಾನೆ, ನಡೆದರೆ ಧೂಳಿನಲ್ಲಿ ಗೆರೆ — ಬಾಗಿಲಲ್ಲಿ ಕಾರ್ಯದರ್ಶಿ ಆಡುವವರ ಪಟ್ಟಿ ಹಿಡಿದು ನಿಂತಿದ್ದಾರೆ, ಹನ್ನೊಂದನೆಯ ಹೆಸರು ಬರೆದಿಲ್ಲ, ನಾನು ಆಯ್ತು ಅನ್ನಬೇಕು, ಅಷ್ಟೇ. ಇಪ್ಪತ್ತಾರು ವರ್ಷದಿಂದ ಅದೇ ಮಾತು, ತಿಕ್ಕಿ ಮುಗಿಸಿ ತೊಡೆಗೊಂದು ಏಟು, ಆಯ್ತು, ಏಳು. ಅದಕ್ಕೂ ಮೊದಲು ಕುಸ್ತಿಯವರ ಮೈ ತಿಕ್ಕುತ್ತಿದ್ದೆ, ಫುಟ್‌ಬಾಲ್ ಕ್ಲಬ್ಬಿನವರು ಕರೆದಾಗ ಟ್ರೈನರ್ ಅಂದರೇನು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಒಂದು ಬಕೆಟ್ಟು, ಒಂದು ಸ್ಪಂಜು ಕೊಟ್ಟು ಯಾರಾದರೂ ಬಿದ್ದರೆ ಓಡು ಅಂದರು, ಓಡಿದೆ, ಒಮ್ಮೆ ಅವಸರದಲ್ಲಿ ಖಾಲಿ ಬಕೆಟ್ಟನ್ನೇ ಹಿಡಿದು ಓಡಿ ಒಣ ಸ್ಪಂಜು ಒತ್ತಿದೆ, ಗೋಲ್‌ಕೀಪರ್ ಹಾಯಾಯ್ತಣ್ಣ ಅಂತ ಎದ್ದು ನಿಂತ, ಮನೆಗೆ ಬಂದು ಹೇಳಿದರೆ ನನ್ನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಿಮ್ಮದು ಕೈಗುಣ ಕಣ್ರೀ. ಮಕ್ಕಳಿಲ್ಲ ಅಂತ ಯಾರಾದರೂ ಲೊಚಗುಟ್ಟಿದರೆ, ಇಪ್ಪತ್ತೆರಡು ಕಾಲು ಸಾಕ್ತಿದ್ದಾರಲ್ಲ, ಸಾಲದಾ ಅನ್ನುತ್ತಾಳೆ. ನಿಜವೇ, ಮುಖ ಮರೆತಿದ್ದೇನೆ, ಮಂಡಿ ಒಂದೂ ಮರೆತಿಲ್ಲ, ಅಷ್ಟು ಪ್ರೀತಿ.

ಗಾಳಿಪಟನ ಮೇಲೆ ಒಂದು ತೂಕ ಹೆಚ್ಚೇ. ಅವತ್ತು ಅವನ ಮಂಡಿ ತಿಕ್ಕಿದ್ದು ಮುಗಿಯಿತು ಅಂತ ಆಯ್ತು ಅಂದೆ, ಕಾರ್ಯದರ್ಶಿಗೆ ಅದು ಕಾಲು ಸರಿಹೋಯಿತು ಅಂತ ಕೇಳಿಸಿತು, ಪಟ್ಟಿಯಲ್ಲಿ ಹೆಸರು ಬಿತ್ತು, ಗಾಳಿಪಟ ಹಲ್ಲು ಕಿರಿದ, ಆ ಖುಷಿ ನೋಡಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ಆಡಿದ್ದು ಹತ್ತೇ ನಿಮಿಷ, ಮಂಡಿ ಕಳಚಿ ಬಿದ್ದವನು ಮತ್ತೆ ಆಡಲಿಲ್ಲ. ಇವತ್ತು ಬೆಳಿಗ್ಗೆಯೂ, ಏನಣ್ಣ, ಬಕೆಟ್ಟಿಗೆ ನೀರು ಹಾಕ್ಕೊಂಡ್ಯಾ ಅಂತ ರೇಗಿಸಿದ, ನಕ್ಕೆ, ಅವನು ಆಚೆ ತಿರುಗಿ ನಡೆದ, ಎಳೆಯುವ ಕಾಲು ಧೂಳಿನಲ್ಲಿ ಉದ್ದಕ್ಕೆ ಗೆರೆ ಬಿಡುತ್ತ ಹೋಯಿತು.

ಏನಪ್ಪಾ, ಆಯ್ತಾ — ಕಾರ್ಯದರ್ಶಿ ಕೇಳುತ್ತಿದ್ದಾರೆ, ನಾಯಕ ನನ್ನ ಮಣಿಕಟ್ಟು ಹಿಡಿದಿದ್ದಾನೆ, ಅಣ್ಣ, ಇದು ಫೈನಲ್ಲು, ಆಯ್ತು ಅಂದ್ಬಿಡು, ನಿನ್ನ ಕಾಲಿಗೆ ಬೀಳ್ತೀನಿ — ಬೀಳೋದಕ್ಕೂ ಮಂಡಿ ಮಡಚಬೇಕಲ್ಲೋ ಕಂದ — ಇನ್ನು ನನ್ನ ಮುಖ ನೋಡಲಿಕ್ಕಿಲ್ಲ, ಬೇಡ, ಎರಡು ಕಾಲ ಮೇಲೆ ನೆಟ್ಟಗೆ ನಡೆದು ಹೋಗಿ ಮುನಿಸಿಕೊಳ್ಳಲಿ. ಆಗಲ್ಲ ಸಾರ್ ಅಂದೆ, ಈ ಕಾಲು ಇವತ್ತು ಆಡಲ್ಲ. ಕಾರ್ಯದರ್ಶಿ ಬೇರೆ ಹೆಸರು ಬರೆದುಕೊಂಡು ಹೋದರು, ನಾಯಕ ಗೋಡೆಗೆ ಮುಖ ಮಾಡಿದ್ದಾನೆ, ಕಾಲನ್ನು ಮಾತ್ರ ನನ್ನ ಕೈಯಲ್ಲೇ ಬಿಟ್ಟಿದ್ದಾನೆ, ಹೆಬ್ಬೆರಳು ತಿಕ್ಕುತ್ತಲೇ ಇದೆ, ಹೊರಗೆ ಸೀಟಿ ಊದಿದರು, ಎಷ್ಟು ಸಣ್ಣ ಮಾತು, ಆಗಲ್ಲ, ಅವತ್ತೇ ಬಾಯಿಗೆ ಬಂದಿದ್ದರೆ — ಗೇಟಿನ ಹತ್ತಿರ ಧೂಳು, ಧೂಳಿನಲ್ಲಿ ಗೆರೆ, ಇವತ್ತಿನದು, ನಿನ್ನೆಯದು, ಗೆರೆ —