ಎರಡು ಬೆಲೆಯ ಹತ್ತು ಗುಂಟೆ

ಹುಣಸಮಾರನಹಳ್ಳಿಯ ಸುತ್ತಿನಲ್ಲಿ ಜಮೀನಿಗೆ ಎರಡು ಬೆಲೆಗಳಿರುವುದು ಮನುಷ್ಯನಿಗೆ ಎರಡು ಕಿವಿಗಳಿರುವಷ್ಟೇ ಸಹಜ. ಒಂದನ್ನು ಮಾರಮ್ಮನ ಗುಡಿಯ ಮುಂದೆ ವೀಳ್ಯದೆಲೆ ಹಿಡಿದು ಗಟ್ಟಿಯಾಗಿ ಹೇಳುತ್ತಾರೆ, ಅದು ನಿಜ. ಇನ್ನೊಂದನ್ನು ನೋಂದಣಿ ಕಚೇರಿಯಲ್ಲಿ ಪತ್ರ ಹಿಡಿದು ಮೆಲ್ಲಗೆ ಹೇಳುತ್ತಾರೆ, ಅದು ಕಾನೂನು. ಮಾರಮ್ಮನ ಮುಂದೆ ಸುಳ್ಳಾಡಿದರೆ ಕಣ್ಣು ಹೋಗುತ್ತದೆಂಬುದು ಅಲ್ಲಿಯವರ ನಂಬಿಕೆ. ನೋಂದಣಿ ಕಚೇರಿಯಲ್ಲಿ ಸುಳ್ಳಾಡಿದರೆ ಮುದ್ರಾಂಕ ಶುಲ್ಕ ಉಳಿಯುತ್ತದೆಂಬುದು ನಂಬಿಕೆಯಲ್ಲ, ಅನುಭವ.

ಈ ಶಾಸ್ತ್ರದಲ್ಲಿ ಶ್ರೀರಾಮಪ್ಪನನ್ನು ಮೀರಿಸಿದ ಪಂಡಿತರು ಯಲಹಂಕದವರೆಗೂ ಇರಲಿಲ್ಲ. ಯಾರು ಜಮೀನು ಮಾರಿದರೂ, ಯಾರು ಕೊಂಡರೂ, ಪತ್ರದಲ್ಲಿ ಎಷ್ಟು ಬರೆಸಬೇಕೆಂದು ಕೇಳಲು ಅವನ ಜಗಲಿಗೇ ಬರುತ್ತಿದ್ದರು. ಅವನು ಕಣ್ಣು ಮುಚ್ಚಿ, ಸರ್ಕಾರಕ್ಕೆ ಸಿಟ್ಟು ಬಾರದಷ್ಟು ಹೆಚ್ಚಾದ, ಕೊಳ್ಳುವವನ ಜೇಬಿಗೆ ನೋವಾಗದಷ್ಟು ಕಡಿಮೆಯಾದ ಒಂದು ಅಂಕಿಯನ್ನು ಹೇಳುತ್ತಿದ್ದ. ಪರೋಪಕಾರ, ದಕ್ಷಿಣೆಯನ್ನೂ ಮುಟ್ಟುತ್ತಿರಲಿಲ್ಲ.

ಗಂಗಾನಗರದ ಗಲ್ಲಿಯೊಂದರಲ್ಲಿ ಲೇತ್ ಯಂತ್ರ ಇಟ್ಟುಕೊಂಡಿದ್ದ ರಹಮತುಲ್ಲಾ, ಇದ್ದ ಮನೆಯನ್ನು ಮಾರಿ, ಹೊಸ ಶೆಡ್ಡು ಹಾಕುವ ಆಸೆಯಿಂದ ಹತ್ತು ಗುಂಟೆ ಕೊಂಡದ್ದು ಈ ಪಂಡಿತನಿಂದಲೇ. ವೀಳ್ಯ ಬದಲಾಯಿಸುವ ದಿನ ಅವನು ಗುಡಿಯ ಹೊಸ್ತಿಲ ಹೊರಗೇ ನಿಂತು ಕೈ ಚಾಚಿದ್ದ.

“ದೇವ್ರು ನಿಮ್ದು ಶ್ರೀರಾಮಣ್ಣ, ಬೆಲೆ ಇಬ್ರುದೂ.”

ಎರಡು ಕೋಟಿ ಹತ್ತು ಲಕ್ಷ ಎಂದು ಇಬ್ಬರೂ ಕೂಗಿ ಹೇಳಿದರು. ಮರುವಾರ ಪತ್ರದಲ್ಲಿ ನಲವತ್ತು ಲಕ್ಷ ಎಂದು ಇಬ್ಬರೂ ಸಹಿ ಮಾಡಿದರು. ಪೂರ್ತಿ ಬರೆಸಿಬಿಡೋಣವೇ ಎಂದು ರಹಮತುಲ್ಲಾ ಒಮ್ಮೆ ಕೇಳಿದ್ದುಂಟು. “ದುಡ್ಡೇನ್ ಮರದಾಗೆ ಬಿಡ್ತದಾ? ನಾನ್ ಏಳ್ದಂಗೆ ಬರ್ಸು” ಎಂದು ಶ್ರೀರಾಮಪ್ಪ ಗದರಿದ್ದ.

ವರ್ಷ ತುಂಬುವ ಮೊದಲೇ ಸರ್ಕಾರಕ್ಕೆ ಅದೇ ದಿಕ್ಕಿನಲ್ಲಿ ರಸ್ತೆಯೊಂದು ಹೊಳೆಯಿತು. ರಹಮತುಲ್ಲಾನ ಹತ್ತು ಗುಂಟೆ, ಶ್ರೀರಾಮಪ್ಪನ ಉಳಿದ ಒಂದು ಎಕರೆ, ಅಕ್ಕಪಕ್ಕದ ನಲವತ್ತು ಮನೆಯವರ ನೆಲ, ಎಲ್ಲವೂ ಅಧಿಸೂಚನೆಯಲ್ಲಿ ಸಾಲಾಗಿ ಅಚ್ಚಾದವು. ಪರಿಹಾರ ನ್ಯಾಯವಾಗಿರುತ್ತದೆಂದು ಅದರಲ್ಲೇ ಬರೆದಿತ್ತು. ಸುತ್ತಮುತ್ತ ನೋಂದಣಿಯಾದ ಪತ್ರಗಳ ಬೆಲೆಯೇ ನ್ಯಾಯದ ಅಳತೆ. ದುಃಖ ಶಮನಕ್ಕೆಂದು ಅಷ್ಟೇ ಮೊತ್ತವನ್ನು ಮತ್ತೆ ಸೇರಿಸುವ ಕರುಣೆಯೂ ಕಾನೂನಿನಲ್ಲಿತ್ತು. ಆದರೆ ನಲವತ್ತು ಲಕ್ಷವನ್ನು ಸಂತೈಸಿದರೆ ಎಂಬತ್ತಾಗುತ್ತದೆಯೇ ಹೊರತು ಇನ್ನೂರ ಹತ್ತಾಗುವುದಿಲ್ಲ.

ರಹಮತುಲ್ಲಾ ಜಗಲಿಗೆ ಬಂದು ಕುಳಿತ. ಬೈಯಲಿಲ್ಲ, ಬೈದಿದ್ದರೆ ಶ್ರೀರಾಮಪ್ಪನಿಗೆ ಹಗುರಾಗುತ್ತಿತ್ತು.

“ಮನೆ ಹೋಯ್ತು, ಜಮೀನೂ ಹೋಯ್ತು. ಲೇತು ಎಲ್ಲಿ ಇಡ್ಲಿ ಅಣ್ಣ, ನಿಮ್ಮ ಪತ್ರದ ಮೇಲಾ?”

ಒಳಗಿನಿಂದ ಹೆಂಡತಿ ಲಕ್ಷ್ಮಿದೇವಮ್ಮನ ದನಿ ಬಂತು: “ಊರಿಗೆಲ್ಲಾ ಬುದ್ಧಿ ಏಳೋರು ಅಲ್ಲೇ ಅವ್ರಲ್ಲಪ್ಪಾ, ಕೇಳು!”

ಆಕ್ಷೇಪಣೆಯ ವಿಚಾರಣೆಗೆ ಶ್ರೀರಾಮಪ್ಪ ಒಗೆದ ಪಂಚೆ ಉಟ್ಟು ಹೋದ. ಭೂಸ್ವಾಧೀನ ಅಧಿಕಾರಿ ರವಿಕಿರಣ ಸೌಮ್ಯ ಮನುಷ್ಯ. ಇಲ್ಲ ಎನ್ನುವಾಗಲೂ ನಗುತ್ತಿದ್ದ.

“ಸ್ವಾಮಿ, ಆ ಹತ್ತು ಗುಂಟೆ ನಿಜವಾದ ಬೆಲೆ ಎರಡು ಕೋಟಿ ಹತ್ತು ಲಕ್ಷ.”

“ಪತ್ರದಲ್ಲಿ ನಲವತ್ತು ಅಂತ ಇದೆಯಲ್ರೀ?”

“ಅದು ಸುಳ್ಳು.”

“ಸಹಿ ಯಾರ್ದು?”

“ನಂದೇ.”

“ಹಂಗಾದ್ರೆ ಸುಳ್ಳು ಅಂತ ಬರ್ಕೊಡಿ. ಆದ್ರೆ ಯಜಮಾನ್ರೇ, ಇದು ನನ್ನ ಟೇಬಲ್ ಮೇಲೇ ಉಳಿಯಲ್ಲ. ಮುದ್ರಾಂಕದವ್ರಿಗೆ ಹೋಗುತ್ತೆ. ಯೋಚ್ನೆ ಮಾಡಿ.”

ಶ್ರೀರಾಮಪ್ಪ ಯೋಚಿಸಿದ. ನಲವತ್ತು ಮನೆಯವರ ಗುರುವಾದವನು ಸುಳ್ಳುಗಾರನೆಂದು ತಾನೇ ಬರೆದುಕೊಡುವುದು ಸಣ್ಣ ಮಾತಲ್ಲ. ಹಿಂದೆ ಬೆಂಚಿನ ಮೇಲೆ ರಹಮತುಲ್ಲಾ ತಲೆ ತಗ್ಗಿಸಿ ಕುಳಿತಿದ್ದ.

“ದಂಡ ಬಂದ್ರೆ ನಾನೇ ಕಟ್ತೀನಿ ಕಣೋ,” ಎಂದು ತಿರುಗಿ ಹೇಳಿ, ಬರೆದು, ಸಹಿ ಹಾಕಿದ.

ಅಧಿಕಾರಿ ಓದಿ ಮೆಚ್ಚಿದ. “ಪ್ರಾಮಾಣಿಕತೆ ಇದೆ. ಆದ್ರೆ ದಾಖಲೆ ಅಲ್ಲ. ಬಾಯಿಮಾತಿಗೆ ಎರಡು ಕೋಟಿ ಕೊಡಕ್ಕಾಗಲ್ಲ. ಸರ್ಕಾರದ ಕಾಗದ ಏನಾದ್ರೂ ಇದ್ರೆ ತನ್ನಿ, ಆದೇಶ ಇನ್ನೂ ಹೊರಟಿಲ್ಲ.”

ಹೀಗೆ ಸತ್ಯವು ದುಡ್ಡು ಕೊಡುವ ಮೇಜಿನಲ್ಲಿ ಬಾಯಿಮಾತಾಗಿ ಉಳಿಯಿತು. ಅದರ ನಕಲು ವಸೂಲಿ ಮಾಡುವ ಮೇಜಿಗೆ ಹೋಯಿತು. ಅಲ್ಲಿ ಯಾರಿಗೂ ಅದು ಬಾಯಿಮಾತೆನಿಸಲಿಲ್ಲ. ಖಾತೆ ಬದಲಾವಣೆಗೆ ಮೂರು ವರ್ಷ ಹಿಡಿಯುವ ಸೀಮೆಯಲ್ಲಿ, ವಿಚಾರಣೆ ಮುಗಿದು ರಹಮತುಲ್ಲಾನ ಹೆಸರಿಗೆ ಆದೇಶ ಬಂದದ್ದು ಇಪ್ಪತ್ತೆರಡನೆಯ ದಿನ. ಜಕ್ಕೂರಿನವರು ಈ ಕಥೆ ಹೇಳುವಾಗ ಹತ್ತೊಂಬತ್ತನೆಯ ದಿನ. ಬಾಕಿ ಶುಲ್ಕ, ಅದರ ಮೇಲೆ ದಂಡ, ತಪ್ಪಿದರೆ ಜಪ್ತಿ.

ರಹಮತುಲ್ಲಾ ಅದನ್ನು ಜಗಲಿಗೆ ತಂದ. “ಗಾಯದ ಮೇಲೆ ಉಪ್ಪು ಹಾಕ್ಬಿಟ್ರಿ ಅಣ್ಣ.”

ಶ್ರೀರಾಮಪ್ಪ ಕನ್ನಡಕ ಏರಿಸಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕೆಮ್ಮು ಬರುವಷ್ಟು ನಕ್ಕ.

“ಲೋ, ಎರಡ್ನೇ ಸಾಲು ಓದು. ‘ಸದರಿ ಸ್ವತ್ತಿನ ನೈಜ ಮಾರುಕಟ್ಟೆ ಮೌಲ್ಯ ಎರಡು ಕೋಟಿ ಹತ್ತು ಲಕ್ಷ ಎಂದು ದೃಢಪಟ್ಟಿರುತ್ತದೆ.’ ಕೆಳ್ಗೆ ಮೊಹರು! ಇದು ಬಾಯಿಮಾತಾ?”

ಮಾತು ಕೊಟ್ಟಂತೆ ದಂಡವನ್ನು ಅವನೇ ಕಟ್ಟಿದ. ರಸೀದಿಯನ್ನೂ ಆದೇಶವನ್ನೂ ರವಿಕಿರಣನ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. “ಸರ್ಕಾರದ ಕಾಗ್ದ ಕೇಳಿದ್ರಲ್ಲಾ ಸ್ವಾಮಿ. ಸರ್ಕಾರಾನೇ ಬರ್ದದೆ.”

ಅಧಿಕಾರಿ ಮೊದಲ ಬಾರಿಗೆ ನಗಲಿಲ್ಲ. ಸರ್ಕಾರ ಸುಳ್ಳು ಹೇಳಿದೆ ಎಂದು ಸರ್ಕಾರದ ಕಡತದಲ್ಲಿ ಬರೆಯುವ ಧೈರ್ಯ ಅವನಿಗಿರಲಿಲ್ಲ. ಪಿಂಚಣಿಗೆ ಇನ್ನೂ ಹನ್ನೊಂದು ವರ್ಷವಿತ್ತು. ರಹಮತುಲ್ಲಾನ ಹತ್ತು ಗುಂಟೆಗೆ ಎರಡು ಕೋಟಿ ಹತ್ತು ಲಕ್ಷವೂ ಅಷ್ಟೇ ಸಾಂತ್ವನವೂ ಮಂಜೂರಾದವು. ಲೇತು ರಾಜಾನುಕುಂಟೆಯ ಕಡೆ ಒಂದು ಶೆಡ್ಡು ಸೇರಿತು.

ಸುದ್ದಿ ಹಬ್ಬಿದ ಸೋಮವಾರ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಲವತ್ತು ಮನೆಯವರು ಸಾಲುಗಟ್ಟಿದ್ದರು, ತಾವು ಸುಳ್ಳರೆಂದು ಸಾಬೀತುಪಡಿಸಲು.

“ನಾನು ಒಂದೂವರೆ ಕೋಟಿ ಮುಚ್ಚಿಟ್ಟಿದ್ದೆ ಸಾರ್!”

“ಅದೇನ್ ಮಹಾ? ನಾನು ಮೂರು!”

“ಲೇ, ನೀನ್ ಕೊಂಡಿದ್ದೇ ಎಂಟು ಗುಂಟೆ, ಮೂರು ಎಲ್ಲಿಂದ ಬಂತೋ?”

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೊಂದು ಫಲಕ ಬಂತು: ತಪ್ಪೊಪ್ಪಿಗೆ ಸ್ವೀಕಾರದ ವೇಳೆ, ಬೆಳಿಗ್ಗೆ ಹನ್ನೊಂದರಿಂದ ಒಂದು. ಶ್ರೀರಾಮಪ್ಪನ ಒಂದು ಎಕರೆ ಪಿತ್ರಾರ್ಜಿತ. ಅದಕ್ಕೆ ಸುಳ್ಳು ಪತ್ರವೂ ಇರಲಿಲ್ಲ, ಒಪ್ಪಿಕೊಳ್ಳಲು ತಪ್ಪೂ ಇರಲಿಲ್ಲ. ಅಕ್ಕಪಕ್ಕದವರ ತಪ್ಪು ಎಷ್ಟು ದೊಡ್ಡದಾಗುತ್ತದೋ ಅಷ್ಟು ಅವನಿಗೂ ಬೆಲೆ. ಅವನು ಸಾಲಿನ ಪಕ್ಕದಲ್ಲಿ ನಿಂತು, ಹಿಂಜರಿಯುತ್ತಿದ್ದವರ ಬೆನ್ನು ತಟ್ಟುತ್ತಿದ್ದ.

“ಎದ್ರುಬ್ಯಾಡ್ರಪ್ಪಾ, ಎಲ್ಲಾ ಒಪ್ಕೊಳ್ಳಿ. ಒಂದ್ ರೂಪಾಯಿನೂ ಬಿಡ್ಬ್ಯಾಡಿ.”