ರೊಟ್ಟಿ ನೋಡಿದ ಸಮುದ್ರ

ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಅಂದು ಬೆಳಿಗ್ಗೆ ಆರಕ್ಕೇ ಬಂದುಬಿಟ್ಟಿತ್ತು. ವಿಜಯಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೆಯ ಕೊಡ ಹಿಡಿದಿದ್ದಳು. ಇನ್ನೂ ಹಂಡೆ ತುಂಬಬೇಕು, ಬಚ್ಚಲ ಮನೆಯ ಎರಡು ಬಕೀಟು ತುಂಬಬೇಕು, ಅಷ್ಟರೊಳಗೆ ನೀರು ನಿಲ್ಲದಿದ್ದರೆ ಹಾಸಿಗೆಯ ಚಾದರಗಳನ್ನೂ ಒಗೆಯಬೇಕು. ಆಗ ಓಣಿಯ ತುದಿಯಲ್ಲಿ ಲಾರಿಯ ಹಾರ್ನು ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಬಸವಕಲ್ಯಾಣದಲ್ಲಿ ಹಾಗೆ ಹಾರ್ನು ಹೊಡೆಯುವವನು ಒಬ್ಬನೇ.

"ಚಾಚಾ ಬಂದ್ರು!" ಎಂದು ಮನೀಷಾ ಹಲ್ಲುಜ್ಜುತ್ತಿದ್ದವಳು ಬಾಯಿ ತುಂಬ ನೊರೆಯೊಂದಿಗೇ ಓಡಿದಳು. ಹನ್ನೊಂದು ವರ್ಷದ ಹುಡುಗಿ. ದಸರಾ ಸೂಟಿ ಶುರುವಾಗಿ ಎರಡೇ ದಿನವಾಗಿತ್ತು.

ಯುನೂಸ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. "ಭಾಬಿ, ಚಹಾ ಇಡ್ರಿ. ನಮ್ಮ ವೈಜ್ಯಾ ಎದ್ದಾನೋ ಇನ್ನಾ ಗೊರಕಿ ಹೊಡ್ಯಾಕತ್ತಾನೋ?"

"ಎದ್ದಾರ್ರಿ ಭಾಯ್. ಕನ್ನಡಿ ಮುಂದ ಅದಾರ."

"ಕೂದಲೇ ಉಳದಿಲ್ಲ, ಕನ್ನಡ್ಯಾಗ ಏನ್ ಹುಡಕಾಕತ್ತಾನ?"

"ನಿನ್ನ ಹೊಟ್ಟಿ ಹುಡಕಾಕತ್ತೀನಿ, ಮೊದಲ ಅದು ಬಾಗಲದಾಗ ಬರ್ತದ, ಆಮ್ಯಾಲ ನೀ ಬರ್ತಿ," ಎನ್ನುತ್ತ ವೈಜನಾಥ ಹೊರಬಂದ.

ವಿಜಯಶ್ರೀಯ ಗಂಡ ವೈಜನಾಥ ಹುಮನಾಬಾದಿನ ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತ. ಯುನೂಸ್ ಅದೇ ಮಿಲ್ಲಿನ ಬೇಳೆ ಹೊರುವ ಲಾರಿಯ ಡ್ರೈವರ್. ಇಬ್ಬರೂ ಇದೇ ಊರಿನ ತ್ರಿಪುರಾಂತ ಕೆರೆಯ ದಂಡೆಯ ಮೇಲೆ ಚಡ್ಡಿ ಹಾಕಿಕೊಂಡು ಬೆಳೆದವರು. ಯುನೂಸ್ ಗಾಳ ಹಾಕುತ್ತಿದ್ದ, ವೈಜನಾಥ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡಿ ಮಾಡಿಕೊಡುತ್ತಿದ್ದ. ಮೀನು ಬಿದ್ದರೆ ಯುನೂಸನ ಮನೆಗೆ, ಬೈಗುಳ ಬಿದ್ದರೆ ವೈಜನಾಥನ ಮನೆಗೆ.

"ಕೇಳು, ರತ್ನಾಗಿರಿ ಲೋಡ್ ಅದ," ಎಂದ ಯುನೂಸ್. "ತೂಕ ನೋಡಾಕ ನೀನೂ ಹೋಗಬೇಕಂತ ಸೇಠ್ ಹೇಳ್ಯಾನ. ಊಟ ಮಾಡಿ ಬಿಡೂನು. ಮತ್ತ ಇದೇ ಆಖ್ರಿ, ವೈಜ್ಯಾ. ಸೊಂಟ ಸಾಕು ಅನ್ನಾಕತ್ತದ. ದೀಪಾವಳಿ ಆದಮ್ಯಾಲ ಲಾರಿ ಬಿಟ್ಟು ತಮ್ಮನ ಪಂಕ್ಚರ್ ಅಂಗಡ್ಯಾಗ ಕೂಡ್ತೀನಿ."

ವೈಜನಾಥನ ಮುಖದ ಮೇಲೆ ಹುಡುಗಾಟದ ನಗೆ ಮೂಡಿತು. "ಹಂಗಾರ ಇನ್ನೊಂದು ರಾತ್ರಿ ಗಾಳ ಹಾಕೂನು."

"ಅದಕ್ಕೇ ಬಂದೀನಿ ಮತ್ತ! ಕ್ಲೀನರ್ ನರಸಿಂಗನ ಹೆಂಡತಿ ಹಡದಾಳಂತ, ಅವ ಮನ್ನಾಏಖೇಳ್ಳಿಗಿ ಹೋಗ್ಯಾನ. ಕ್ಯಾಬಿನ್ನದಾಗ ನಾವಿಬ್ಬರೇ, ಹಾಸಿ ಮಲಗಿದ್ರೂ ಜಾಗಾ ಉಳೀತದ."

"ಅವ್ವಾ, ನೀರು!" ಎಂದು ಮನೀಷಾ ಕೂಗಿದಳು. ಕೊಡ ತುಂಬಿ, ಉಕ್ಕಿ, ನೀರು ಅಂಗಳದ ಕಲ್ಲುಗಳ ಮೇಲೆ ಹರಿದು ವಿಜಯಶ್ರೀಯ ಪಾದಗಳನ್ನು ತೋಯಿಸುತ್ತಿತ್ತು. ಹನಿ ನೀರಿಗೂ ಲೆಕ್ಕ ಇಡುವ ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಕ್ಯಾಬಿನ್ನಿನಲ್ಲಿ ಜಾಗ ಉಳಿಯುತ್ತದೆ ಎಂಬ ಮಾತು ಅವಳ ಕಿವಿಯಲ್ಲಿ ಕುಳಿತುಬಿಟ್ಟಿತ್ತು.

ಅವಳು ಸಮುದ್ರ ನೋಡಿರಲಿಲ್ಲ. ತವರು ಮೋರಖಂಡಿ, ಗಂಡನ ಮನೆ ಬಸವಕಲ್ಯಾಣ. ನಡುವೆ ಕಪ್ಪು ನೆಲ, ತೊಗರಿ ಹೊಲ. ಆದರೆ ಹನ್ನೆರಡು ವರ್ಷದಿಂದ ಅವಳೊಳಗೆ ಒಂದು ಸಮುದ್ರವಿತ್ತು. ಅದನ್ನು ತಂದಿಟ್ಟವರು ಇವರಿಬ್ಬರೇ.

ತೊಂಬತ್ತೈದನೆಯ ಇಸವಿ, ಡಿಸೆಂಬರ್. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ವೈಜನಾಥ ಮೊದಲ ಸಲ ಮಾಲಿನ ಜೊತೆ ರತ್ನಾಗಿರಿಗೆ ಹೋದವನು ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ ಬಂದ. ತಡವಾದ ಕಾರಣ ಕೇಳಿ ಅತ್ತೆ ಗಂಗುಬಾಯಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. "ಕೊರಳಾಗ ಲಿಂಗ ಕಟ್ಟಿಕೊಂಡು ಗಾಳ ಹಾಕಾಕ ಹೋಗಿದ್ದೇನೋ? ನಿಮ್ಮಪ್ಪ ಇದ್ದಿದ್ರ ಹೊಸ್ತಿಲ ದಾಟಿಸತಿರಲಿಲ್ಲ!" ಅವನು ತಲೆ ತಗ್ಗಿಸಿ ಸ್ನಾನಕ್ಕೆ ಹೋದ. ಅಲ್ಲಿಯವರೆಗೆ ಗಂಡ ಹೆಂಡತಿಯ ನಡುವೆ ಇದ್ದ ಮಾತು ಎಷ್ಟು? ಚಹಾ ಆತೇನು, ಅಂಗಿ ಎಲ್ಲಿ ಇಟ್ಟಿ, ಲೈಟ್ ತೆಗಿ. ಅಂದು ಮಾತ್ರ ಊಟವಾದ ಮೇಲೆ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ. ಅವಳು ಪಾತ್ರೆ ಬೆಳಗುತ್ತಿದ್ದಳು. ಅವನು ಹೇಳತೊಡಗಿದ. ಪಾತ್ರೆ ಮುಗಿದವು, ಒಲೆ ಸಾರಿಸಿದ್ದಾಯಿತು, ಮುಗಿದ ಪಾತ್ರೆಗಳನ್ನೇ ಅವಳು ಮತ್ತೊಮ್ಮೆ ಬೆಳಗಿದಳು, ಅವನು ಎದ್ದು ಹೋಗಬಾರದೆಂದು.

ಆ ಕತೆಯೇ ಈಗ ಮತ್ತೆ ಕಟ್ಟೆಯ ಮೇಲೆ ಶುರುವಾಗಿತ್ತು. ಯುನೂಸ್ ಬಂದಾಗೆಲ್ಲ ಶುರುವಾಗುತ್ತಿತ್ತು. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿಯುತ್ತಿದ್ದ.

"ಲಾರಿ ಖಾಲಿ ಮಾಡೋದ್ರಾಗ ರಾತ್ರಿ ಹತ್ತು," ಎಂದ ಯುನೂಸ್ ಬಶಿಗೆ ಚಹಾ ಸುರುವಿಕೊಳ್ಳುತ್ತ. "ಅಮಾಸಿ ಕತ್ತಲು. ನಮ್ಮ ತಂಗಿ ಗಂಡ ಹಬೀಬ್ ಅಲ್ಲೇ ದಂಡ್ಯಾಗ ಇರ್ತಾನಲ್ಲ, ಅವ ಗಾಳ ಕೊಟ್ಟ, ದಾರ ಕೊಟ್ಟ, ಗಾಳಕ್ಕ ಸಿಗಿಸಾಕ ಸಿಗಡಿ ಕೊಟ್ಟ."

"ಏನ್ ನಾತಾ ಅದು!" ವೈಜನಾಥ ಈಗಲೂ ಮೂಗು ಮುಚ್ಚಿಕೊಂಡ.

"ಇವನ ಮಾರಿ ನೋಡಿ ನಾನೇ ಅದನ್ನ ಒಗದುಬಿಟ್ಟೆ. ಹಂಗಾರ ಏನ್ ಹಚ್ಚೂನು? ಭಾಬಿ ಕಟ್ಟಿಕೊಟ್ಟ ಜೋಳದ ರೊಟ್ಟಿ ಇತ್ತು. ಪುಡಿ ಮಾಡಿ, ನೀರ ಹಚ್ಚಿ, ಉಂಡಿ ಕಟ್ಟಿದಿವಿ. ಭಾರಕ್ಕ ಲಾರಿ ನಟ್ಟು."

"ಸಮುದ್ರದ ಮೀನಿಗಿ ಜೋಳದ ರೊಟ್ಟಿ!"

"ಅಲ್ಲೋ, ನಮ್ಮೂರ ಕೆರಿ ಮೀನು ಅದನ್ನೇ ತಿಂತಿದ್ದುವಲ್ಲ!"

ಮುಂದಿನದು ವಿಜಯಶ್ರೀಗೆ ಬಾಯಿಪಾಠ. ಯುನೂಸ್ ಗಾಳ ಬೀಸಿ ಒಗೆದ, ದಾರದ ತುದಿಯನ್ನು ವೈಜನಾಥನ ಕಾಲಿನ ಹೆಬ್ಬೆರಳಿಗೆ ಕಟ್ಟಿದ. ಇಬ್ಬರೂ ಚಾದರ ಹೊದ್ದು ಮರಳಿನ ಮೇಲೆ ಒರಗಿದರು. ಹೆಬ್ಬೆರಳು ಜಗ್ಗಿದಂತಾದಾಗೆಲ್ಲ "ಬಿತ್ತು, ಬಿತ್ತು" ಎಂದು ಎದ್ದರು. ಅಲೆ. ಮತ್ತೆ ಒರಗಿದರು. ರಾತ್ರಿಯಿಡೀ ಮಾತು. ಸಾಲೆಯ ಮಾಸ್ತರರಿಂದ ಹಿಡಿದು ಕೆರೆಗೆ ಬಿದ್ದ ಎಮ್ಮೆಯವರೆಗೆ. ನಡುರಾತ್ರಿ ಕಳೆದ ಮೇಲೆ ಹೆಬ್ಬೆರಳು ಜಗ್ಗುವುದೇ ನಿಂತುಹೋಯಿತು. ಬೆಳಕು ಹರಿದಾಗ ದಾರ ಹಿಡಿದು ಹೋಗಿ ನೋಡಿದರೆ, ಗಾಳ ನೀರಿನಲ್ಲೇ ಇಲ್ಲ! ಹಸಿ ಮರಳಿನ ಮೇಲೆ ಬಿದ್ದಿದೆ. ರೊಟ್ಟಿಯ ಉಂಡಿ ಹಾಗೇ ಇದೆ, ಅದರ ಸುತ್ತ ಬೆರಳುಗುರಿನಷ್ಟು ಏಡಿಗಳು. ನೀರು ಎಷ್ಟೋ ದೂರದಲ್ಲಿ.

"ಕತ್ತಲದಾಗ ನೀರು ಹತ್ತಿರ ಅನಸ್ತದ, ಅದು ಬ್ಯಾರೆ ಮಾತು," ಎಂದ ವೈಜನಾಥ. "ಆದ್ರ ಒಗದ ಗಾಳ ದಂಡಿಗಿ ಹ್ಯಾಂಗ ಬಂತು?"

"ಹಬೀಬ! ಅವನದೇ ಕೆಲಸ. ನಾವು ಮಾತಿನಾಗ ಇದ್ದಾಗ ಬಂದು ಎಳದು ಹಾಕ್ಯಾನ. ಮುಂಜಾನಿ ಚಹಾ ತಂದವ ನಮ್ಮನ್ನ ನೋಡಿ ನಕ್ಕು ನಕ್ಕು ಮರಳಿನ ಮ್ಯಾಲ ಬಿದ್ದ. ನೀನೇ ಎಳದೀ ಹೌದಲ್ಲೋ ಅಂದ್ರ, ಹೌದು, ನಾನೇ ಎಳದೆ ಅಂತಾನ!"

"ಹಲ್ಕಟ್. ಈ ಸಲ ಬಿಡಬಾರದು ಅವನಿಗಿ."

ಒಳಗೆ ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದ ವಿಜಯಶ್ರೀ, ಅವಳ ಪಕ್ಕಕ್ಕೆ ಬಂದು ಕುಳಿತ ಮಗಳು, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ತುಟಿ ಕಚ್ಚಿ ಹಿಡಿದರು.

ಅದಕ್ಕೊಂದು ಕಾರಣವಿತ್ತು. ಹೋದ ತಿಂಗಳು ಇದೇ ಒಲೆಯ ಮುಂದೆ ಮನೀಷಾ ಆರನೆಯ ಇಯತ್ತೆಯ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚು. ವಿಜಯಶ್ರೀಯ ಕೈಯಲ್ಲಿನ ರೊಟ್ಟಿ ಅರ್ಧಕ್ಕೇ ನಿಂತಿತು. "ಇನ್ನೊಮ್ಮೆ ಓದು," ಎಂದಳು. ಮಗಳು ಓದಿದಳು. ಆಮೇಲೆ ಮಗಳೇ ಕಣ್ಣರಳಿಸಿ, "ಅವ್ವಾ... ಗಾಳ ಯಾರೂ ಎಳದಿಲ್ಲ. ನೀರೇ ಹಿಂದ ಹೋಗ್ಯಾದ!" ಎಂದಳು. ಕೆರೆಯ ನೀರು ನೋಡಿ ಬೆಳೆದವರಿಗೆ, ನೀರು ಒಂದು ರಾತ್ರಿಯಲ್ಲಿ ಎದ್ದು ಹೋಗುತ್ತದೆ ಎಂದು ಹೊಳೆಯುವುದಾದರೂ ಹೇಗೆ? ಇಬ್ಬರು ಗಂಡಸರು ಒಣ ಮರಳಿಗೆ ಗಾಳ ಹಾಕಿಕೊಂಡು ಅರ್ಧ ರಾತ್ರಿ ಕಾದಿದ್ದರು! ತಾಯಿ ಮಗಳು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ವಿಜಯಶ್ರೀ ಮಗಳ ಗಲ್ಲ ಹಿಡಿದು, "ಅಪ್ಪಗ ಹೇಳಬ್ಯಾಡ ಮತ್ತ. ಅವರ ಕತಿ ಕೆಡ್ತದ," ಎಂದಿದ್ದಳು.

ಅಂದೇ ಮನೀಷಾ ಕೇಳಿದ್ದು: "ನೀ ಸಮುದ್ರ ನೋಡೀಯೇನ್ ಅವ್ವಾ?"

"ನಾ ಎಲ್ಲಿ ನೋಡ್ಲಿ. ನನ್ನ ರೊಟ್ಟಿ ನೋಡ್ಯಾವ."

"ಮತ್ತ ಅಪ್ಪಗ ಕೇಳಬೇಕಲ್ಲ, ಕರಕೊಂಡು ಹೋಗಂತ?"

ವಿಜಯಶ್ರೀ ತಲೆಯಲ್ಲಾಡಿಸಿದ್ದಳು. ಅವಳಿಗೆ ಕೇಳಬಾರದೆಂದೇನೂ ಇರಲಿಲ್ಲ. ಮೊದಮೊದಲು ನಾಚಿಕೆ. ಆಮೇಲೆ ಹೊಟ್ಟೆಯಲ್ಲಿ ಮನೀಷಾ. ಆಮೇಲೆ ಮಗುವಿಗೆ ಹಲ್ಲು, ಜ್ವರ, ಸಾಲೆ. ಆಮೇಲೆ ಅತ್ತೆ ಹಾಸಿಗೆ ಹಿಡಿದಳು, ನಾಲ್ಕು ವರ್ಷ. ಹೋದ ವರ್ಷ ಅತ್ತೆಯೂ ಹೋದಳು. ಈಗ ಅಡ್ಡಿ ಯಾವುದೂ ಇರಲಿಲ್ಲ, ಆದರೆ ಕೇಳುವ ಬಾಯಿ ರೂಢಿ ತಪ್ಪಿಹೋಗಿತ್ತು. ಕೇಳಿದರೆ ಇಲ್ಲ ಅನ್ನುವವನಲ್ಲ ವೈಜನಾಥ. ಕೇಳದೆ ತಿಳಿಯುವವನೂ ಅಲ್ಲ.

ಆ ಮೊದಲ ಸಲ ಅವನು ತಂದ ಚಾದರದ ಮಡಿಕೆಯಲ್ಲಿ ಒಂದು ಹಿಡಿಯಷ್ಟು ಮರಳು ಬಂದಿತ್ತು. ಅವಳು ಮರುದಿನ ಬೆಳಿಗ್ಗೆ ಹೊರಗೆ ಕೊಡವಿ ಒಗೆಯಲು ಹಾಕಿದಳು. ಕೊಡವಿದ ಮೇಲೆ ನೆನಪಾಯಿತು, ಅದು ಸಮುದ್ರದ್ದು ಎಂದು. ಚರಂಡಿಯ ಅಂಚಿನಲ್ಲಿ ಕುಳಿತು ಹುಡುಕಿದಳು, ಅತ್ತೆ ಕೂಗುವವರೆಗೆ. ನಮ್ಮ ಮಣ್ಣಿನಲ್ಲಿ ಬೆರೆತ ಮರಳು ಮತ್ತೆ ಸಿಗುತ್ತದೆಯೇ.

ಈಗ ಇದೇ ಕೊನೆಯ ಲೋಡು. ಇನ್ನು ಯುನೂಸ್ ಪಂಕ್ಚರ್ ಅಂಗಡಿಯಲ್ಲಿ ಕೂರುತ್ತಾನೆ. ಆಮೇಲೆ ರತ್ನಾಗಿರಿಗೆ ಹೋಗುವುದೆಂದರೆ ಬಸ್ಸು, ರಜೆ, ಖರ್ಚು, ಯಾರ ಮನೆ, ಎಲ್ಲಿ ಇಳಿಯುವುದು. ಆಗುವ ಮಾತಲ್ಲ.

ಅವಳು ರೊಟ್ಟಿ ಬಡಿಯತೊಡಗಿದಳು. ಹಂಚಿನ ಮೇಲೆ ಒಂದು, ಕೈಯಲ್ಲಿ ಒಂದು. ಮನೀಷಾ ಬುಟ್ಟಿಯಲ್ಲಿ ಜೋಡಿಸುತ್ತ ಹೋದಳು.

"ಅವ್ವಾ, ಅಪ್ಪಗ, ಚಾಚಾಗ ಇಷ್ಟ್ಯಾಕ?"

"ಇರ್ಲಿ, ದಾರಿ ದೂರ."

"ಇದು ನಾಕು ಮಂದಿದು ಆಗ್ತದ."

ವಿಜಯಶ್ರೀ ಬುಟ್ಟಿ ನೋಡಿದಳು. ಹೌದು. ಕೈಗೆ ಯಾರೂ ಹೇಳಿರಲಿಲ್ಲ. ಅದೇ ನಾಲ್ಕು ಮಂದಿಯದು ಬಡಿದುಬಿಟ್ಟಿತ್ತು. ಅವಳು ಕೈ ತೊಳೆದುಕೊಂಡು, ಮುಖ ಒರೆಸಿಕೊಂಡು, ನಡುಮನೆಗೆ ಹೋದಳು. ವೈಜನಾಥ ಟ್ರಂಕಿನಿಂದ ಮಫ್ಲರ್ ತೆಗೆಯುತ್ತಿದ್ದ.

"ನೋಡ್ರಿ," ಎಂದಳು.

"ಏನು?"

ಒರೆಸಿದ ಮುಖವನ್ನೇ ಮತ್ತೊಮ್ಮೆ ಒರೆಸಿಕೊಂಡಳು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡನ ಮುಂದೆ ಇದೇನು ಎಂದು ಅವಳಿಗೇ ನಗು ಬಂತು. ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಚಾದರ ಎರಡು ಇಡ್ಲೋ, ಹೆಚ್ಚಿಗಿ ಇಡ್ಲೋ?"

"ಇಬ್ಬರಿಗಿ ಎರಡ ಸಾಕಲ್ಲ. ಹೆಚ್ಚಿಗಿ ಯಾಕ?"

"ಥಂಡಿ ಇರ್ತದ ಅಂತ."

"ಎರಡ ಸಾಕು," ಎಂದು ಅವನು ಮಫ್ಲರ್ ಕೊರಳಿಗೆ ಸುತ್ತಿ ನೋಡಿಕೊಂಡ. ಅವಳು ಎರಡು ಚಾದರ ಮಡಿಚಿ ಚೀಲಕ್ಕೆ ಹಾಕಿದಳು. ಬಾಗಿಲ ಪಕ್ಕ ನಿಂತಿದ್ದ ಮನೀಷಾ ಎಲ್ಲವನ್ನೂ ನೋಡುತ್ತಿದ್ದಳು. ಅವಳ ತುಟಿ ಅಲುಗಿತು. ವಿಜಯಶ್ರೀ ಬೇಡವೆಂದು ಮೆಲ್ಲಗೆ ತಲೆಯಲ್ಲಾಡಿಸಿದಳು.

ಊಟವಾಯಿತು. ಶೇಂಗಾ ಹಿಂಡಿ, ಪುಂಡಿ ಪಲ್ಯ, ರೊಟ್ಟಿ. ಇಬ್ಬರು ಗೆಳೆಯರು ಅಂಗಳಕ್ಕೆ ಇಳಿದು ಕೈ ತೊಳೆದರು. ಯುನೂಸ್ ರೊಟ್ಟಿಯ ಗಂಟು ಎತ್ತಿ ಹುಬ್ಬೇರಿಸಿದ. "ಏನ್ ಭಾಬಿ, ರತ್ನಾಗಿರಿ ಊರಿಗೆಲ್ಲ ಕಟ್ಟೀರೇನು?"

"ಮೀನಿಗಿ ಬ್ಯಾಡೇನ್ರಿ ಭಾಯ್?"

"ಹೌದ್ರಿ, ಅವೂ ಹನ್ನೆರಡ ವರ್ಷದಿಂದ ಕಾಯಾಕತ್ತಿರಬೇಕು!" ಎಂದು ಅವನು ನಕ್ಕ. ವೈಜನಾಥನೂ ನಕ್ಕ. ವಿಜಯಶ್ರೀ ನಗಲು ಹೋಗಿ, ಸೆರಗಿನ ತುದಿಯಿಂದ ಒಲೆಯ ಹೊಗೆ ತಾಗಿದವಳಂತೆ ಕಣ್ಣು ಒರೆಸಿಕೊಂಡಳು.

"ಹಂಗಾರ ಬರ್ತೀವಿ," ಎಂದು ವೈಜನಾಥ ಚಪ್ಪಲಿ ಮೆಟ್ಟಿ ಚೀಲಕ್ಕೆ ಕೈ ಹಾಕಿದ. ಚೀಲ ಬರಲಿಲ್ಲ. ಇನ್ನೊಂದು ಹಿಡಿಕೆಯನ್ನು ಮನೀಷಾ ಎರಡೂ ಕೈಯಿಂದ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು.

"ಬಿಡು ಮಗಳ, ಹೊತ್ತಾತು. ಏನ್ ತರಬೇಕು ಹೇಳು."

ಹುಡುಗಿ ಅಪ್ಪನನ್ನು ನೋಡಲಿಲ್ಲ. ತಾಯಿಯ ಕಡೆ ತಿರುಗಿದಳು. ಎಂದಿನಂತೆ ವಿಜಯಶ್ರೀ ತಲೆಯಲ್ಲಾಡಿಸಬೇಕಿತ್ತು. ಕುತ್ತಿಗೆಯವರೆಗೆ ಬಂದೂ ಇತ್ತು. ಆದರೆ ಅವಳು ಅಲುಗಲಿಲ್ಲ. ಹಸಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಉಸಿರು ಹಿಡಿದು, ಮಗಳ ಮುಖವನ್ನೇ ನೋಡುತ್ತ ನಿಂತಳು.

ಮನೀಷಾ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನನಗ ಸೂಟಿ ಅದ, ಲಾರ್ಯಾಗ ಜಾಗಾ ಅದ, ರೊಟ್ಟಿ ನಾಕು ಮಂದಿದು ಅದ. ಅವ್ವಗ ಸಮುದ್ರ ಯಾವಾಗ ತೋರಸ್ತಿ ನೀನು?"