ಆಸ್ಟಿನ್ ಕಾರಿಗೆ ಅಕ್ಕ ಹೊಲಿದ ಹುಡ್

ನಮ್ಮ ಭಾವ ಬಸವಲಿಂಗಪ್ಪನವರು ಕಲ್ಕತ್ತಾದ ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲರ್ಕ್. ತಮ್ಮ ದೇಶಕ್ಕೆ ವಾಪಸು ಹೊರಟಿದ್ದ ಇಂಗ್ಲಿಷ್ ಸಾಹೇಬರೊಬ್ಬರಿಂದ ೧೯೩೪ರ ಪುಟ್ಟ ಆಸ್ಟಿನ್ ಕಾರು ಕೊಂಡು, ಲೇಕ್ ಗಾರ್ಡನ್ಸಿನ ಮನೆಯ ಮುಂದೆ ಇಟ್ಟುಕೊಂಡಿದ್ದರು. ಒಂದೊಂದು ತಿರುಪನ್ನೂ ತಾವೇ ಬಿಚ್ಚಿ, ತೊಳೆದು, ಜೋಡಿಸಿ ಅದನ್ನು ಓಡುವಂತೆ ಮಾಡಿದ್ದರು. ಮೇಲ್ಹೊದಿಕೆ ಮಾತ್ರ ಇರಲಿಲ್ಲ. ಹಳೆಯ ಹುಡ್ ಲಡ್ಡಾಗಿ ಹರಿದು, ಬರೀ ಕಬ್ಬಿಣದ ಕಮಾನುಗಳು ಉಳಿದಿದ್ದವು.

ಜನವರಿಯಲ್ಲಿ ಹಳೆಯ ಕಾರುಗಳ ರ‍್ಯಾಲಿ. ೧೯೭೩ರದಕ್ಕೆ ಭಾವ ಹಿಂದಿನ ಜುಲೈನಲ್ಲೇ ಹೆಸರು ಕೊಟ್ಟರು. ಆಫೀಸಿನ ಗೆಳೆಯರು ಒಬ್ಬರು ಕೀಚೈನು, ಒಬ್ಬರು ಚರ್ಮದ ಕೈಗವಸು ಉಡುಗೊರೆ ಕೊಟ್ಟರು.

ನಮ್ಮಕ್ಕ ಪಾರ್ವತಿ ನನ್ನನ್ನು ಅಡುಗೆಮನೆಗೆ ಕರೆದಳು. "ಮಾದಪ್ಪ, ಎಲ್ಲರೂ ಅವರಿಗೆ ಕೊಡ್ತಾರೆ. ನಾನು ಕಾರಿಗೇ ಕೊಡ್ತೀನಿ. ಅವರಿಗೆ ತಿಳಿಯದ ಹಾಗೆ ಹುಡ್ ಹೊಲೀಬೇಕು ಕಣೋ."

"ಗರಿಯಾಹಾಟಿನಲ್ಲಿ ದರ್ಜಿಗಳಿಲ್ವೇನಕ್ಕ?"

"ಹೋಗಿದ್ದೆ. ದಪ್ಪ ಕ್ಯಾನ್ವಾಸ್ ಅಂದಿದ್ದಕ್ಕೆ ನಕ್ಕುಬಿಟ್ಟರು. ಸೂಜಿ ಮುರಿಯತ್ತಂತೆ. ನಿಮ್ಮ ಹಡಗುಗಳಿಗೆ ಹೊದಿಸೋ ಬಟ್ಟೆ ಯಾರು ಹೊಲಿಯೋದು?"

ನಾನು ಗಾರ್ಡನ್ ರೀಚಿನ ಹಡಗು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಅಲ್ಲಿ ನಲವತ್ತು ವರ್ಷ ಕ್ಯಾನ್ವಾಸ್ ಹೊಲಿದು ನಿವೃತ್ತರಾಗಿದ್ದ ಇದ್ರಿಸ್ ಮಿಯಾ ಹತ್ತಿರದಲ್ಲೇ ಇದ್ದರು. ಅಕ್ಕನನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಅವರು ನಡುಗುವ ಕೈಗಳನ್ನು ಮುಂದೆ ಚಾಚಿದರು.

"ನನ್ನಿಂದ ಹೊಲಿಯೋಕಾಗಲ್ಲ ಬೇಟಿ. ಕಲಿಸೋಕಾಗತ್ತೆ. ಕೂತ್ಕೋತೀಯಾ?"

ಅಕ್ಕ ಅಲ್ಲೇ ಚಾಪೆಯ ಮೇಲೆ ಕೂತಳು.

ಭಾವ ಆಫೀಸಿಗೆ ಲೋಕಲ್ ರೈಲು ಹತ್ತಿದ ಮೇಲೆ, ವಾರಕ್ಕೆರಡು ದಿನ, ಅಕ್ಕ ಎರಡು ಬಸ್ಸು ಬದಲಿಸಿ ಗಾರ್ಡನ್ ರೀಚಿಗೆ ಬರುತ್ತಿದ್ದಳು. ಅವಳ ಹಿಂದಿ ಅರ್ಧ ಕನ್ನಡ. ಮಿಯಾ ಅವಳ ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಅದರಿಂದ ದಪ್ಪ ಸೂಜಿಯನ್ನು ಹೇಗೆ ತಳ್ಳಬೇಕೆಂದು ತೋರಿಸಿದರು. ಮೊದಲ ತಿಂಗಳು ಬೆರಳುಗಳೆಲ್ಲ ಗಾಯ. ಈಳಿಗೆ ತಗುಲಿತು ಎಂದು ಅಕ್ಕ ಸುಳ್ಳು ಹೇಳಿದ್ದಕ್ಕೆ, ಭಾವ ಒಂದು ವಾರ ತಾವೇ ತರಕಾರಿ ಹೆಚ್ಚಿದರು.

ಹಗಲಲ್ಲಿ, ಭಾವ ಇಲ್ಲದಾಗ, ಕಾರಿನ ಕಮಾನುಗಳನ್ನು ಎತ್ತಿ ನಿಲ್ಲಿಸಿ, ದಾರದಲ್ಲಿ ಅಳತೆ ತೆಗೆದು, ಅಕ್ಟೋಬರಿನ ದುರ್ಗಾಪೂಜೆ ರಜೆಯ ಹೊತ್ತಿಗೆ ಹುಡ್ ಮುಗಿಸಿದಳು. ಸೀಮೆಸುಣ್ಣದ ಗುರುತು ಹೋಗಲೆಂದು ಒಗೆದು ತಾರಸಿಯಲ್ಲಿ ಒಣಹಾಕಿದಳು. ಒಣಗಿದ ಮೇಲೆ ನಾವಿಬ್ಬರೂ ಕಾರಿಗೆ ಹೊದಿಸಲು ಹೋದರೆ ನಾಲ್ಕು ಬೆರಳು ಗಿಡ್ಡ! ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ ಆಮೇಲೆ ಕತ್ತರಿಸು ಅಂತ ಮಿಯಾ ಹೇಳಿದ್ದರು. ಅಕ್ಕ ಅವಸರಪಟ್ಟಿದ್ದಳು.

ಎರಡೂವರೆ ತಿಂಗಳ ಕೆಲಸ. ನನಗೇ ಅಳು ಬಂತು. "ಬಿಡಕ್ಕ. ಒಂದು ಶರ್ಟ್ ಕೊಡಿಸಿಬಿಡು ಭಾವನಿಗೆ."

ಅಕ್ಕ ಹುಡ್ಡನ್ನು ಕಳಚಿ ಮಡಿಸಿಟ್ಟಳು. ಸೀರೆ ಕೊಡವಿಕೊಂಡಳು. "ನಾಳೆ ಬಡಾಬಜಾರಿಂದ ಇನ್ನೊಂದು ಥಾನು ತಂದುಕೊಡು. ಈಗ ಕೈಗೆ ಗೊತ್ತಾಗಿದೆ, ಬೇಗ ಆಗತ್ತೆ."

ಆರು ವಾರದಲ್ಲಿ ಎರಡನೆಯದು ಮುಗಿಯಿತು. ಗಿಡ್ಡವಾದ ಬಟ್ಟೆಯಲ್ಲಿ ಸ್ಪೇರ್ ಚಕ್ರಕ್ಕೊಂದು ಗವಸನ್ನೂ ಹೊಲಿದಿದ್ದಳು.

ರ‍್ಯಾಲಿಯ ಹಿಂದಿನ ವಾರ, ಶನಿವಾರ ಮಧ್ಯಾಹ್ನ ಭಾವ ಮನೆಗೆ ಬಂದಾಗ ಕಾರು ಖಾಕಿ ಹುಡ್ ಹೊದ್ದು ನಿಂತಿತ್ತು. ಅವರು ಬ್ಯಾಗನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ಬಂದರು. ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಯಾವ ವರ್ಕ್‌ಶಾಪು? ಇಷ್ಟು ಒಂದೇ ಸಮ ಹೊಲಿಯೋರು ಈ ಊರಲ್ಲಿ ಯಾರಿದಾರೆ?"

"ನಾನೇರೀ" ಅಂದಳು ಅಕ್ಕ.

ಭಾವ ಅವಳ ಕೈ ತಿರುಗಿಸಿ ನೋಡಿದರು. ಅಂಗೈ ತುಂಬ ಜಡ್ಡು. ಕಾರಿನ ಬಾಗಿಲು ತೆರೆದು ಅವಳನ್ನು ಕೂರಿಸಿದರು. ಊಟ ಆರುತ್ತಿತ್ತು, ಇಬ್ಬರೂ ಸರೋವರದವರೆಗೆ ಹೋಗಿ ಬಂದರು.

ರ‍್ಯಾಲಿಯಲ್ಲಿ ಬಹುಮಾನ ದೊಡ್ಡ ದೊಡ್ಡ ಕಾರುಗಳಿಗೆ ಹೋಯಿತು. ಆದರೆ ತೀರ್ಪುಗಾರರೊಬ್ಬರು ನಮ್ಮ ಕಾರಿನ ಬಳಿ ಬಹಳ ಹೊತ್ತು ನಿಂತು, ಹುಡ್ಡನ್ನು ಮಡಿಸಿ, ಬಿಚ್ಚಿ ನೋಡಿ, ಯಾರ ಕೆಲಸ ಎಂದು ಕೇಳಿದರು.

"ನನ್ನ ಹೆಂಡತಿಯದು. ಇವರೇ ಪಾರ್ವತಿ" ಎಂದು ಭಾವ ಎಲ್ಲರಿಗೂ ಕೇಳುವಂತೆ ಹೇಳಿದರು. ಅಕ್ಕ ನಮಸ್ಕಾರ ಮಾಡಿದಳು.

ಆ ವರ್ಷವೇ ಬಾಲಿಗಂಜಿನ ಡಾಕ್ಟರೊಬ್ಬರು ತಮ್ಮ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಆಮೇಲೆ ಇನ್ನೊಬ್ಬರು. ಭಾವ ನಿವೃತ್ತರಾಗಿ ಮೈಸೂರಿಗೆ ಹೊರಡುವ ಹೊತ್ತಿಗೆ ಕಲ್ಕತ್ತಾದಲ್ಲಿ ಹನ್ನೊಂದು ಹಳೆಯ ಕಾರುಗಳು ನಮ್ಮಕ್ಕ ಹೊಲಿದ ಹುಡ್ಡುಗಳ ಕೆಳಗೆ ಓಡಾಡುತ್ತಿದ್ದವು.